ಹನ್ನೊಂದು ದಿನದ ಅಧ್ಯಕ್ಷರು

"ತಲಿ ಹಿಡೀರಿ, ತಲಿ! ಎಡಕ್ಕ ವಾಲ್ಲಾಕತ್ತದ," ಎಂದು ಶಿವಶರಣಪ್ಪ ಕೂಗಿದ.

ಸೂಗಮ್ಮ ಗಂಡನ ಗಲ್ಲಕ್ಕೆ ಕೈಕೊಟ್ಟು ಎತ್ತಿ ಹಿಡಿದರು. ಸಪ್ನಾ ಹಳೆಯ ಪಂಚೆಯ ಅಂಚು ಹರಿದು, ಹಣೆಗೂ ಕುರ್ಚಿಯ ಬೆನ್ನಿಗೂ ಸೇರಿಸಿ ಸುತ್ತಿ ಗಂಟು ಹಾಕಿದಳು. ಅವರಲ್ಲಿ ಸತ್ತವರನ್ನು ಮಲಗಿಸಿ ಕಳಿಸುವ ಪದ್ಧತಿಯಿಲ್ಲ. ಕೂರಿಸಿಯೇ ಒಯ್ಯುವುದು, ಕೂರಿಸಿಯೇ ಮಣ್ಣು ಮಾಡುವುದು. ಊಟದ ಮೇಜಿನ ಕುರ್ಚಿಯಲ್ಲಿ ಗುರುಸಿದ್ದಪ್ಪ ಕೊನೆಗೂ ನೆಟ್ಟಗೆ ಕುಳಿತರು. ಹಣೆಯಲ್ಲಿ ವಿಭೂತಿ, ಎಡ ಅಂಗೈಯಲ್ಲಿ ಇಷ್ಟಲಿಂಗ.

ಕೆಳಗಿನ ಮನೆಯ ತೆಲುಗು ಹೆಂಗಸು ಯಾರೂ ಕೇಳದೆಯೇ ಚಹಾದ ಫ್ಲಾಸ್ಕು ತಂದು ಬಾಗಿಲಲ್ಲಿಟ್ಟು, ಚೆಲ್ಲಾಪಿಲ್ಲಿಯಾಗಿದ್ದ ಚಪ್ಪಲಿಗಳನ್ನು ಗೋಡೆಗೆ ಜೋಡಿಸಿ ಹೋಗಿದ್ದಳು.

"ವೈನಿ, ಕೆಳಗ ವ್ಯಾನ್ ನಿಂತದ," ಎಂದ ಶಿವಶರಣಪ್ಪ. ಅವನು ಗುರುಸಿದ್ದಪ್ಪನವರ ತಮ್ಮ. ಸುದ್ದಿ ಕೇಳಿ ಆಳಂದದಿಂದ ವ್ಯಾನು ಮಾಡಿಕೊಂಡೇ ಹೈದರಾಬಾದಿನ ತಾರ್ನಾಕಕ್ಕೆ ಬಂದಿದ್ದ. "ಈಗ ಹೊಂಟ್ರ ಹೊತ್ತು ಮುಳುಗೋದ್ರಾಗ ಹೊಲ ಮುಟ್ತೀವಿ. ಅಪ್ಪನ ಮಗ್ಗಲಾಗ ಕುಣಿ ತೋಡ್ರಿ ಅಂತ ಹೇಳಿ ಬಂದೀನಿ."

"ಕುಣಿ ಇಲ್ಲೇ ತೋಡ್ಲಾಕತ್ತಾರ. ಮುಂಜಾನೇನೇ ಹೇಳಿ ಕಳಿಸೀನಿ," ಎಂದರು ಸೂಗಮ್ಮ.

"ಇಲ್ಲಿ? ಈ ಊರಾಗ?" ಅವನ ದನಿ ಏರಿತು. "ಪೇಪರಿನಾಗ ಫೋಟೋ ಹಾಕಿ ಹೊರಗಿನಂವ ಅಂದ್ರಲ್ಲ, ಮರೆತ್ರೇನು? ಜೀವ ಇದ್ದಾಗ ಒಂದು ಕುರ್ಚಿ ಕೊಡಲಿಲ್ಲ. ಈಗ ಹೆಣ ಯಾಕ ಕೊಡಬೇಕು ಇವರಿಗಿ?"

ಅವನ ಸಿಟ್ಟು ಸೂಗಮ್ಮನ ಸಿಟ್ಟೇ ಆಗಿತ್ತು. ಆದರೂ ಇಲ್ಲಿಂದ ಅವರನ್ನು ಒಯ್ಯಗೊಡಬಾರದು ಎಂಬುದೊಂದು ಮಾತ್ರ ಮನಸ್ಸಿನಲ್ಲಿ ಗಟ್ಟಿಯಾಗಿತ್ತು.

"ಒಂದು ತಾಸು ತಡಿ," ಎಂದರು.

\*

ಎರಡು ವರ್ಷದ ಹಿಂದೆ ರಾಜ್ಯಪಾಲರ ಸಹಿಯಿದ್ದ ಕಾಗದ ಬಂದಾಗ ಗುರುಸಿದ್ದಪ್ಪ ಅದನ್ನು ಮೂರು ಸಲ ಓದಿ, ಕನ್ನಡಕ ಒರೆಸಿ ಇನ್ನೊಮ್ಮೆ ಓದಿದ್ದರು. ರಾಜ್ಯ ಗ್ರಂಥಾಲಯ ಪರಿಷತ್ತಿಗೆ ಅಧ್ಯಕ್ಷರು! ಒಂದು ಕಾಲೇಜಿನ ಗ್ರಂಥಾಲಯದಲ್ಲಿ ಮೂವತ್ತೆಂಟು ವರ್ಷ ಕಳೆದವರು, ಯಾವ ಪಕ್ಷದ ಮೆಟ್ಟಿಲನ್ನೂ ಹತ್ತಿದವರಲ್ಲ. ಅಂದು ಸಂಜೆಯೇ ಒಂದು ನೋಟುಪುಸ್ತಕ ತೆಗೆದು, ಯಾವ ತಾಲೂಕಿನ ವಾಚನಾಲಯ ಸೋರುತ್ತದೆ, ಎಲ್ಲಿ ಹೆಂಗಸರಿಗೆ ಕೂರುವ ಜಾಗವಿಲ್ಲ ಎಂದು ಬರೆಯತೊಡಗಿದರು.

ಮೂರನೆಯ ದಿನ ಧರಣಿ ಶುರುವಾಯಿತು. ವಿರೋಧ ಪಕ್ಷಕ್ಕೆ ಆ ಜಾಗದಲ್ಲಿ ತನ್ನದೇ ಒಬ್ಬ ಮನುಷ್ಯ ಬೇಕಿತ್ತು. ಅದನ್ನು ಹೇಳುವ ಬದಲು, ಇವರು ಕರ್ನಾಟಕದವರು, ನಾನ್-ಲೋಕಲ್ ಎಂದರು. ಮೈಕು ಹಿಡಿದು ಮುಂದೆ ನಿಂತು ಕೂಗಿದವನು ಇದೇ ಬಡಾವಣೆಯ ಮುಖಂಡ, ಯಾದಗಿರಿ.

"ನಾನು ಬಂದು ಒಂದು ವರ್ಷ ಆಗಿಲ್ಲ ದೊಡ್ಡಪ್ಪ," ಎಂದಿದ್ದಳು ಸಪ್ನಾ. ಅವಳು ಶಿವಶರಣಪ್ಪನ ಮಗಳು. ದೊಡ್ಡಪ್ಪನ ಮನೆಯಲ್ಲಿದ್ದು ಮಾದಾಪುರದ ಸಾಫ್ಟ್‌ವೇರ್ ಕಂಪನಿಗೆ ಹೋಗುತ್ತಿದ್ದಳು. "ನಮ್ಮ ಕಂಪನಿ ಮುಂದ ವೆಲ್‌ಕಮ್ ಟು ಹೈದರಾಬಾದ್ ಅಂತ ಬೋರ್ಡ್ ಹಚ್ಚ್ಯಾರ. ಹೂವು ಕೊಟ್ಟು ಒಳಗ ಕರ್ಕೊಂಡ್ರು. ಐವತ್ತು ವರ್ಷ ಇದ್ದ ನೀವು ಹೊರಗಿನವರು?"

ಗುರುಸಿದ್ದಪ್ಪ ಟ್ರಂಕಿನ ತಳದಿಂದ ಒಂದು ಕಾಗದ ತೆಗೆದರು. ಐವತ್ತನಾಲ್ಕನೇ ಇಸವಿಯ ಮುಲ್ಕಿ ಸರ್ಟಿಫಿಕೇಟು. ಈ ರಾಜ್ಯದವನೇ ಎಂದು ಸರ್ಕಾರ ಕೊಡುತ್ತಿದ್ದ ಪತ್ರ. ಅದಿಲ್ಲದೆ ಆಗ ನೌಕರಿ ಸಿಗುತ್ತಿರಲಿಲ್ಲ. ಆಗ ಆಳಂದವೂ ಹೈದರಾಬಾದ್ ರಾಜ್ಯದ್ದೇ. ಎರಡು ವರ್ಷದ ಮೇಲೆ ನಡುವೆ ಗೆರೆ ಎಳೆದರು. ಆಳಂದ ಆ ಕಡೆ ಹೋಯಿತು, ಕೆಲಸಕ್ಕೆ ಸೇರಿದ್ದ ಗುರುಸಿದ್ದಪ್ಪ ಈ ಕಡೆ ಉಳಿದರು.

ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಆ ಕಾಗದ ಹಿಡಿದು ರಾಜ್ಯಪಾಲರ ಕಚೇರಿಗೆ ಬಸ್ಸಿನಲ್ಲಿ ಹೋದರು. ನಾಲ್ಕು ತಾಸು ಬೆಂಚಿನ ಮೇಲೆ ಕೂತರು. ಬಾಗಿಲ ಕಾವಲಿನವನು ತನ್ನ ಬಾಟಲಿಯ ನೀರು ಕೊಟ್ಟ. ಕೊನೆಗೆ ಬಂದ ಅಧಿಕಾರಿ ಕಾಗದವನ್ನು ತಲೆಕೆಳಗಾಗಿ ಹಿಡಿದು ನೋಡಿ, "ಇದು ಉರ್ದು ಅಲ್ವೇ? ಇಂಗ್ಲಿಷಿನಲ್ಲಿ ಇದ್ದರೆ ತನ್ನಿ," ಎಂದು ಹಿಂದಕ್ಕೆ ಕೊಟ್ಟ.

ಹನ್ನೊಂದನೆಯ ದಿನ ಟಿವಿಯ ಕೆಳಗೆ ಒಂದು ಸಾಲು ಓಡಿತು: ರಾಜ್ಯಪಾಲರಿಂದ ನೇಮಕ ವಾಪಸ್. ಒಂದು ಫೋನು ಕೂಡ ಇಲ್ಲ. ಹೆಸರು ಬರೆದ ಕೈಯೇ ಹೆಸರು ಹೊಡೆದು ಹಾಕಿತು. ನಡುವೆ ಒಬ್ಬ ಮನುಷ್ಯ ಇದ್ದಾನೆಂಬ ನೆನಪು ಯಾರಿಗೂ ಬರಲಿಲ್ಲ.

ಅದೇ ಸಂಜೆ ಯಾದಗಿರಿ ಮನೆಗೆ ಬಂದ. "ಸಾರ್, ಮೀ ಮೀದ ಏಮೀ ಲೇದು," ಎಂದ. ನಿಮ್ಮ ಮೇಲೆ ಏನೂ ಇಲ್ಲ, ಇದು ರಾಜಕೀಯ ಅಷ್ಟೆ. ಗುರುಸಿದ್ದಪ್ಪ ಅವನಿಗೆ ಸಕ್ಕರೆ ಎಷ್ಟು ಎಂದು ಕೇಳಿ ತಾವೇ ಚಹಾ ತಂದುಕೊಟ್ಟರು. ಸೂಗಮ್ಮ ಅಡುಗೆಮನೆಯಿಂದ ಹೊರಗೆ ಬರಲಿಲ್ಲ.

ಆಮೇಲೆ ಆಟೋದವನು ಯಾವ ಊರು ಸಾರ್ ಎಂದು ಸುಮ್ಮನೆ ಕೇಳಿದರೂ ಗುರುಸಿದ್ದಪ್ಪ ಉತ್ತರ ಕೊಡುವುದನ್ನು ಬಿಟ್ಟರು. ಹೊರಗೆ ನೋಡುತ್ತ ಕೂರುತ್ತಿದ್ದರು.

\*

ಹತ್ತು ಗಂಟೆಗೆ ಯಾದಗಿರಿ ಬಂದ. ಬಿಳಿ ಬಟ್ಟೆ, ಬಿಳಿ ಬೂಟು, ಪಕ್ಷದ ಪಟ್ಟಿ ಕಟ್ಟಿದ ಚೆಂಡುಹೂವಿನ ಚಕ್ರ, ಹಿಂದೆ ಕ್ಯಾಮೆರಾದವನು. ಚಕ್ರವನ್ನು ಗುರುಸಿದ್ದಪ್ಪನವರ ಕಾಲ ಬಳಿ ಇಟ್ಟು ಕೈಮುಗಿದ. ಆಮೇಲೆ ಸೂಗಮ್ಮನ ಕಡೆ ಬಾಗಿ ತೆಲುಗಿನಲ್ಲಿ ಹೇಳಿದ: "ಅಮ್ಮಾ, ಸಾರ್ ದೇವರಂಥವರು. ನೀವೇನೂ ಯೋಚನೆ ಮಾಡಬೇಡಿ. ಸ್ಮಶಾನದ ಕಮಿಟಿಗೆ ನಾನು ಹೇಳ್ತೀನಿ. ಲೋಕಲ್ ಅಲ್ಲದಿದ್ದರೂ ನನ್ನ ಮಾತಿಗೆ ಜಾಗ ಕೊಡ್ತಾರೆ."

ಸೂಗಮ್ಮ ಒಳಗೆ ಹೋದರು. ಟ್ರಂಕಿನ ಮುಚ್ಚಳ ಗೋಡೆಗೆ ಬಡಿದ ಸದ್ದು ಕೇಳಿಸಿತು. ಹೊರಗೆ ಬಂದು ಹಳದಿ ಕಾಗದವನ್ನು ಅವನ ಮುಖದ ಮುಂದೆ ಹಿಡಿದರು.

"ಚದುವು," ಎಂದರು. ಓದು.

ಯಾದಗಿರಿ ನೋಡಿದ. "ಇದು ಉರ್ದು ಅಮ್ಮಾ..."

"ಐವತ್ತು ವರ್ಷದಿಂದ ಈ ಊರಿನ ಕಾಗದ. ಈ ಊರಿನವನು ನೀನು. ಓದು!"

ಮೂಲೆಯಿಂದ ಮಹಬೂಬ್ ಅಲಿ ಎದ್ದ. ಗ್ರಂಥಾಲಯದಲ್ಲಿ ಗುರುಸಿದ್ದಪ್ಪನವರ ಜೊತೆ ಅಟೆಂಡರ್ ಆಗಿದ್ದ ಮುದುಕ. ಬೆಳಗಿನಿಂದ ಹೆಣದ ಮೇಲೆ ಕೂರುವ ನೊಣ ಓಡಿಸುತ್ತ ಕುಳಿತಿದ್ದ. "ದೇವ್ ಅಮ್ಮಾ, ಮೈ ಪಡ್ತೂಂ," ಎಂದು ಕಾಗದ ತೆಗೆದುಕೊಂಡು ಕಣ್ಣಿನ ಹತ್ತಿರ ಹಿಡಿದ.

"ಗುರುಸಿದ್ದಪ್ಪ ವಲದ್ ಬಂಡೆಪ್ಪ. ಸಾಕಿನ್ ಆಳಂದ್, ಜಿಲಾ ಗುಲ್ಬರ್ಗಾ. ತಸ್ದೀಕ್ ಕೀ ಜಾತೀ ಹೈ ಕೆ ಯೆ ಶಖ್ಸ್ ಹೈದರಾಬಾದ್ ಕಾ ಮುಲ್ಕಿ ಹೈ." ತಲೆಯೆತ್ತಿ ಯಾದಗಿರಿಯನ್ನು ನೋಡಿದ. "ಮುಲ್ಕಿ. ಮತ್‌ಲಬ್, ಇಧರ್ ಕಾ ಆದ್ಮಿ." ಆಳಂದದ ಬಂಡೆಪ್ಪನ ಮಗ ಗುರುಸಿದ್ದಪ್ಪ, ಇಲ್ಲಿಯದೇ ಮನುಷ್ಯ.

"ಅಪ್ಪನ ಹೆಸರು ಓದಿದ್ಯಲ್ಲ, ಇನ್ನೊಮ್ಮೆ ಓದು ಚಾಚಾ," ಎಂದ ಶಿವಶರಣಪ್ಪ.

ಮಹಬೂಬ್ ಅಲಿ ಮತ್ತೆ ಓದಿದ, ನಿಧಾನವಾಗಿ. ಕ್ಯಾಮೆರಾದವನು ಕ್ಯಾಮೆರಾ ಇಳಿಸಿದ್ದ.

ಶಿವಶರಣಪ್ಪ ಮೂಗೊರೆಸಿಕೊಂಡ. "ವೈನಿ, ಇವತ್ತು ನಾ ಅಣ್ಣನ್ನ ಒಯ್ದ್ರ ಈ ಮಗಾ ಹೇಳಿದ್ದು ಖರೇ ಆಗ್ತದ. ಬ್ಯಾಡ. ಇಲ್ಲೇ ಇರ್ಲಿ."

ಅವನು ಕೆಳಗಿಳಿದು ವ್ಯಾನಿನವನಿಗೆ ಹೇಳಿದ. ಆಳಂದದ ಆ ಡ್ರೈವರು ಹಿಂದಿನ ಸೀಟು ಬಿಚ್ಚಿ, ಸ್ಮಶಾನದ ತನಕ ತಾನೇ ಒಯ್ಯುತ್ತೇನೆಂದು ಕಾದು ನಿಂತ.

ಲಿಫ್ಟಿನಲ್ಲಿ ಕುರ್ಚಿ ಹಿಡಿಯಲಿಲ್ಲ. ಮೂರು ಮಹಡಿ ಹೊತ್ತು ಇಳಿಸಬೇಕಾಯಿತು. ಎರಡನೆಯ ತಿರುವಿನಲ್ಲಿ ಮಹಬೂಬ್ ಅಲಿಯ ಕಾಲು ನಡುಗಿದಾಗ ಯಾದಗಿರಿ ಮುಂದೆ ಬಂದು ಹೆಗಲು ಕೊಟ್ಟ. ಅಲ್ಲಿ ಕ್ಯಾಮೆರಾ ಇರಲಿಲ್ಲ. ಅವನ ಬಿಳಿ ಅಂಗಿಯ ತೋಳಿಗೆ ವಿಭೂತಿ ಹತ್ತಿದ್ದನ್ನು ಸೂಗಮ್ಮ ಕಂಡರು. ಕಂಡರೂ ಸಿಟ್ಟು ಇಳಿಯಲಿಲ್ಲ.

ಸ್ಮಶಾನದಲ್ಲಿ ಯಾವ ಕಮಿಟಿಯೂ ಏನೂ ಕೇಳಲಿಲ್ಲ. ಕಾಯುವ ಸಾಬಮ್ಮ ನೆಲ ಗುಡಿಸಿ ನೀರು ಚಿಮುಕಿಸಿ ಇಟ್ಟಿದ್ದಳು. ಕುಣಿಯ ಪಕ್ಕದ ಗೋಡೆಯಲ್ಲಿ ಕೊರೆದ ಗೂಡಿನಲ್ಲಿ ಗುರುಸಿದ್ದಪ್ಪನವರನ್ನು ಕೂರಿಸಿದರು. ಹಣೆಯ ಕಟ್ಟು ಬಿಚ್ಚಿದರು. ಈಗ ತಲೆ ವಾಲಲಿಲ್ಲ.

ಸೂಗಮ್ಮ ಮೊದಲ ಹಿಡಿ ಮಣ್ಣು ಹಾಕಿದರು. ಶಿವಶರಣಪ್ಪ, ಸಪ್ನಾ, ಮಹಬೂಬ್ ಅಲಿ, ಕೆಳಗಿನ ಮನೆಯ ಹೆಂಗಸು. ವ್ಯಾನಿನ ಡ್ರೈವರೂ ಚಪ್ಪಲಿ ಬಿಟ್ಟು ಬಂದು ಹಾಕಿದ. ಯಾದಗಿರಿ ಬಗ್ಗಿ ಮುಷ್ಟಿ ತುಂಬಿಕೊಂಡು ಕುಣಿಯ ಅಂಚಿಗೆ ಬಂದ.

"ನೀ ಹಾಕಬ್ಯಾಡ," ಎಂದರು ಸೂಗಮ್ಮ.

ಹೊರಗಿನವರೊಡನೆ ಐವತ್ತು ವರ್ಷ ತೆಲುಗಿನಲ್ಲೇ ಮಾತಾಡಿದ್ದ ಅವರು ಇದನ್ನು ಕನ್ನಡದಲ್ಲಿ ಹೇಳಿದರು. ಯಾರೂ ಅನುವಾದಿಸಲಿಲ್ಲ. ಅವನಿಗೆ ತಿಳಿಯಿತು.

ಸನಿಕೆಯವರು ಕೆಲಸ ಮುಂದುವರಿಸಿದರು. ಯಾದಗಿರಿ ಮುಷ್ಟಿ ಬಿಗಿಹಿಡಿದು ಅಲ್ಲೇ ನಿಂತಿದ್ದ. ಕುಣಿಗೆ ಹಾಕುವಂತಿಲ್ಲ, ಎಲ್ಲರ ಎದುರು ಕೆಳಗೆ ಚೆಲ್ಲುವಂತೆಯೂ ಇಲ್ಲ. ಎರಡು ಬೆರಳುಗಳ ಸಂದಿಯಿಂದ ಕೆಂಪು ಮಣ್ಣು ಸಣ್ಣಗೆ ಜಾರಿ ಅವನ ಬಿಳಿ ಬೂಟಿನ ಮೇಲೆ ಬೀಳುತ್ತಿತ್ತು.