ಬ್ಯಾಡ ಅನ್ನೋರು ಕೈ ಎತ್ತರಿ

ನಮ್ಮನಿಯವರು ಡಾಕ್ಟರ್ ಗೋಪೀನಾಥ ಅವರಿಗೆ ಈ ವಯಸ್ಸಿನ್ಯಾಗ ಹಿಮದ ಹುಚ್ಚು ಹಿಡದದ. ಗುಡ್ಡ ಹತ್ತಿಸೋ ಲಿಫ್ಟ್ ಇರೋ ಕಡೆ ಜಾರಿದ್ರ ಅದು ಸ್ಕೀಯಿಂಗ್ ಅಲ್ಲಂತ, ಯಾರೂ ತುಳೀದ ಗುಡ್ಡ ತಾವ ಹತ್ತಿ ಇಳೀಬೇಕಂತ. ಇರಲಿ, ಹುಚ್ಚಿಗೆ ನನ್ನ ಅಡ್ಡಿ ಇಲ್ಲ. ಆದ್ರ ಮನೀಗೆ ಏನೇ ಹೊಸಾದು ಬಂದ್ರೂ ಅದರ ಬುಡ ಕೆದಕೋದು ನನ್ನ ಚಟ.

"ಹಿಮ ಯಾಕ ಜಾರತದ?" ಅಂತ ಕೇಳಿದೆ. ಪಾಪ, ಛಲೋ ಬಿಡಿಸಿ ಹೇಳಿದ್ರು. ಹಿಮ ಅಂದ್ರ ಒಂದೇ ಗಡ್ಡಿ ಅಲ್ಲ, ಚಿರೋಟಿ ಹಂಗ ಪದರು ಪದರು. ನಡುವಿನ ಪದರು ಸಕ್ಕರಿ ಹಂಗ ಉದುರು ಇದ್ರ ಮ್ಯಾಲಿನ ಗಟ್ಟಿ ಪದರಿಗೆ ಹಿಡಿತ ಇರಂಗಿಲ್ಲ. ಕಡಿದಾದ ಇಳಿಜಾರಿನ್ಯಾಗ ಒಬ್ಬರು ಕಾಲಿಟ್ರ ಸಾಕು, ಇಡೀ ಹಾಸು ಕಿತ್ತು ಬರತದ.

"ಅಂದ್ರ ಹಿಮ ತಾನಾಗೇ ಬಂದು ಬಡಿಯಂಗಿಲ್ಲ?"

"ಹೆಚ್ಚಾಗಿ ಸಿಕ್ಕೊಂಡವರೇ ಅದನ್ನ ಎಬ್ಬಿಸಿರತಾರ."

ಈ ಮಾತು ನನ್ನ ತಲ್ಯಾಗ ಕೂತುಬಿಡ್ತು.

ಶುಕ್ರವಾರ ಸಂಜಿ ಈ ಪರದೇಶದಾಗ, ರೇನರ್ಸ್ ಲೇನಿನ ನಮ್ಮ ಮನ್ಯಾಗ ಮೀಟಿಂಗು. ಮರುದಿನ ಲೂಟನ್ ಏರ್‌ಪೋರ್ಟಿನಿಂದ ಫ್ರಾನ್ಸಿಗೆ ಫ್ಲೈಟು. ಇವರ ಜೋಡಿ ಹೋಗೋರು ಮಯೂರ್ ಮತ್ತು ಅವನ ಹೆಂಡತಿ ಪ್ರಾಚಿ. ಮಯೂರ್ ಮೈಸೂರಿನವ, ಆಸ್ಪತ್ರ್ಯಾಗ ಇವರ ಕೈಕೆಳಗಿನ ಡಾಕ್ಟರ್. ಪ್ರಾಚಿ ಬೆಂಗಳೂರಿನಾಕಿ, ಸಾಫ್ಟ್‌ವೇರ್ ಕೆಲಸ. ಟೇಬಲ್ ಮ್ಯಾಲೆ ಸಲಿಕಿ, ಉದ್ದನ್ನ ಕೋಲು, ಹಿಮದಾಗ ಹೂತುಹೋದವರನ್ನ ಹುಡುಕೋ ಸಣ್ಣ ಯಂತ್ರ, ನಡುವ ನನ್ನ ಚಕ್ಕಲಿ ತಾಟು.

ಇವರು ಲ್ಯಾಪ್‌ಟಾಪ್ ತೆಗೆದು ಆ ಕಡೆಯ ಹಿಮದ ವರದಿ ಓದಿದ್ರು. ಅಪಾಯದ ಮಟ್ಟ ಐದರಾಗ ಮೂರು. ಹೊಸ ಹಿಮ, ಜೋರು ಗಾಳಿ, ಉತ್ತರಕ್ಕ ಮುಖ ಮಾಡಿದ ಇಳಿಜಾರಿನ್ಯಾಗ ಒಳಗ ಉದುರು ಪದರು. ಇವರು ಭಾನುವಾರ ಹೋಗಬೇಕಂತಿದ್ದದ್ದು ಅಂಥಾ ಇಳಿಜಾರಿಗೇ.

"ಗುಂಪಿನ ನಿಯಮ ಗೊತ್ತದಲ್ಲ? ಯಾರೇ ಒಬ್ಬರು ಬ್ಯಾಡ ಅಂದ್ರೂ ಎಲ್ಲಾರೂ ವಾಪಸ್. ಕಾರಣ ಕೇಳಂಗಿಲ್ಲ," ಅಂದ್ರು ಇವರು. "ಅಂತರ ಬಿಟ್ಟು, ಒಬ್ಬೊಬ್ಬರೇ ದಾಟಿದ್ರ ಆದೀತು ಅನಸ್ತದ. ಯಾರಿಗಾದ್ರೂ ಬ್ಯಾಡ ಅನಸ್ತದೇನು?"

"ಇಲ್ಲ ಸರ್. ನೀವು ಹೇಗೆ ಹೇಳ್ತೀರೋ ಹಾಗೆ," ಅಂದ ಮಯೂರ್.

ಪ್ರಾಚಿ ಕೈಯಾಗಿನ ಚಕ್ಕಲಿ ಪುಡಿ ಪುಡಿ ಮಾಡ್ಲಿಕ್ಕೆ ಹತ್ತಿದ್ಲು.

ಚಹಾದ ನೆವ ಮಾಡಿ ಅಕಿನ್ನ ಅಡಗಿಮನೀಗೆ ಕರದೆ. "ಹೆದರಿಕಿ ಆಗ್ಯದೇನವಾ?"

"ಆಂಟಿ, ಅವರು ಸರ್ ಅಲ್ವಾ? ನಾನು ಬೇಡ ಅಂದ್ರೆ ಮಯೂರ್‌ಗೆ ಮುಜುಗರ ಆಗುತ್ತೆ. ಪ್ಲೀಸ್, ನೀವೂ ಹೇಳ್ಬೇಡಿ."

ಅಯ್ಯ! ನಿಯಮೇನೋ ಭಾರಿ ಅದ. ಆದ್ರ ನಮ್ಮ ಮಂದಿಯೊಳಗ ಸರ್ ಮುಂದ ಬ್ಯಾಡ ಅನ್ನೋರು ಯಾರು? ಆಪರೇಷನ್ ಥಿಯೇಟರಿನ್ಯಾಗ 'ನರ್ಸ್ ಸುದ್ದಾ ನನ್ನ ತಡೀಬಹುದು' ಅಂತ ಎದಿ ಉಬ್ಬಿಸಿ ಹೇಳೋ ನಮ್ಮವರಿಗೆ, ಎದುರಿಗೆ ಕೂತ ಹುಡುಗಿ ಸುಮ್ಮನಿದ್ದದ್ದು ಕಾಣವಲ್ದು. ಸಿಟ್ಟು ಬಂತು ನನಗ. ಅಕಿ ಹೆಸರು ಹೇಳಂಗಿಲ್ಲ, ಸುಮ್ಮನಿರಲಿಕ್ಕೂ ಆಗಂಗಿಲ್ಲ.

ಚಹಾ ತಂದಿಟ್ಟು ಅಂದೆ, "ನನ್ನದೊಂದು ಆಟ ಅದ. ಎಲ್ಲಾರೂ ಕಣ್ಣು ಮುಚ್ಚರಿ. ಆ ಇಳಿಜಾರು ಬ್ಯಾಡ ಅನ್ನೋರು ಕೈ ಎತ್ತರಿ. ಯಾರು ಎತ್ತಿದ್ರಂತ ನಾ ಹೇಳಂಗಿಲ್ಲ."

"ಏನ್ ಸಣ್ಣ ಹುಡುಗರ ಹಂಗ, ವೇದಾ!"

"ಮುಚ್ಚರಿ ಅಂದ್ರ ಮುಚ್ಚರಿ."

ಮುಚ್ಚಿದ್ರು. ಪ್ರಾಚಿ ಕೈ ಎತ್ತತಾಳಂತ ಗೊತ್ತಿತ್ತು, ಎತ್ತಿದ್ಲು. ಮಯೂರ್ ಕೈ ಅರ್ಧಕ್ಕ ಬಂದು ನಿಂತು, ಆಮ್ಯಾಲೆ ಪೂರಾ ಏರಿತು. ನಮ್ಮವರ ಕಡೆ ನೋಡಿದೆ. ಇವರ ಕೈ ಆಗಲೇ ಮ್ಯಾಲಿತ್ತು.

ಮೂರೂ ಮಂದಿ ಒಬ್ಬರ ಮಾರಿಗೆ ಒಬ್ಬರು ಅಂಜಿ ಆ ಗುಡ್ಡಕ್ಕ ಹೊಂಟಿದ್ರಲ್ಲ, ದೇವರ! ಹೇಳಂಗಿಲ್ಲ ಅಂತ ಮಾತು ಕೊಟ್ಟಿದ್ದೆ, ಖರೆ. ಮುರದೆ.

"ಕೈ ಇಳಿಸಬ್ಯಾಡ್ರಿ. ಹಂಗೇ ಕಣ್ಣು ತೆಗೀರಿ."

"ಸರ್, ನೀವೂನಾ?" ಅಂದ ಮಯೂರ್.

"ನಿಮ್ಮನ್ನ ಇಷ್ಟು ಹುರುಪಿನಿಂದ ಹೊಂಡಿಸಿ, ನಾನ ಬ್ಯಾಡ ಅಂದ್ರ ಹೆಂಗಂತ..." ಇವರು ನಕಾಶೆ ಎಳಕೊಂಡು, ಮ್ಯಾಲೆ ಕಡಿದಾದ ಗುಡ್ಡ ಇಲ್ಲದ ಕಾಡಿನ ದಾರಿಯೊಂದರ ಮ್ಯಾಲೆ ಬೆರಳಿಟ್ರು. ಪ್ರಾಚಿ ಉಸಿರು ಬಿಟ್ಟು ನಕ್ಕಳು.

ಆಮ್ಯಾಲೆ ಇವರು ನನ್ನ ನೋಡಿದ್ರು. "ನಿನ್ನ ಕೈ ಯಾಕ ಮ್ಯಾಲದ?"

ಖರೇನ ಮ್ಯಾಲಿತ್ತು. ಯಾವಾಗ ಎತ್ತಿದ್ನೋ ನನಗ ಗೊತ್ತಿಲ್ಲ.

"ನೀ ಬರೋಳಲ್ಲಲ್ಲ?"

"ಅದಕ್ಕ," ಅಂದೆ. "ಇಳದ್ವಿ ಅಂತ ನಿಮ್ಮ ಫೋನ್ ಬರೋ ತನಕಾ ಈ ಮನ್ಯಾಗ ಒಬ್ಬಾಕಿನ ಕೂಡೋಳು ನಾ."