ಹೊಲಿಗೆ ಬಿಟ್ಟ ಜಾಗ

ಡಾಕ್ಟರಮ್ಮ ಕೇಳಿದ್ದು ಒಂದೇ ಪ್ರಶ್ನೆ: ಮಗುವಿಗೆ ಏನಾಗುತ್ತಿದೆ? ಉತ್ತರ ಮಾತ್ರ ಎರಡು ಬಾಯಿಂದ ಒಟ್ಟಿಗೇ ಬಂತು. ಸೋಮಾರಿತನ, ಓದಿನ ಕಡೆ ಗಮನವೇ ಇಲ್ಲ ಎಂದ ಅಪ್ಪ. ಹೊಟ್ಟೆಯೊಳಗೆ ಗುಂಡಿ ಇದೆ ಎಂದರು ಅಜ್ಜಿ.

ಗುಂಡಿಯ ಕಥೆಯನ್ನು ಇಲ್ಲೇ ಹೇಳಿಬಿಡಬೇಕು. ಎರಡು ವರ್ಷದವಳಿದ್ದಾಗ ಹುಡುಗಿ ಅಪ್ಪನ ಅಂಗಡಿಯಲ್ಲಿ ಆಡುತ್ತಾ ಒಂದು ಅಂಗಿ ಗುಂಡಿ ನುಂಗಿದ್ದಳು. ನೀಲಿ ಬಣ್ಣದ್ದು, ನಾಲ್ಕು ತೂತಿನದು. ಒಳಗೆ ಹೋದದ್ದನ್ನು ಮೂವರು ನೋಡಿದರು, ಹೊರಗೆ ಬಂದದ್ದನ್ನು ಒಬ್ಬರೂ ನೋಡಲಿಲ್ಲ. ಅವತ್ತಿನಿಂದ ಅವಳು ಮನೆಗೂ ಬೀದಿಗೂ ಗುಂಡಿಯೇ ಆದಳು. ಇಟ್ಟ ಹೆಸರು ಶಾಲೆಯ ಹಾಜರಿ ಪುಸ್ತಕದಲ್ಲೇ ಉಳಿಯಿತು. ಈಗ ಅವಳಿಗೆ ಒಂಬತ್ತು. ಈ ಏಳು ವರ್ಷದಲ್ಲಿ ಅವಳಿಗೆ ನೆಗಡಿಯಾದರೂ, ಹಲ್ಲು ಅಲ್ಲಾಡಿದರೂ, ಗಣಿತದಲ್ಲಿ ಸೊನ್ನೆ ಬಂದರೂ ಅಜ್ಜಿಯ ಬೆರಳು ನೆಟ್ಟಗೆ ಅವಳ ಹೊಟ್ಟೆಯ ಕಡೆಗೇ ಹೋಗುತ್ತಿತ್ತು.

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ನೀವಿಬ್ರೂ ಕಾಯಿಲೆ ಯಾವುದು ಅಂತ ಹೇಳ್ತಿದೀರಿ. ಅದಕ್ಕೆ ನಾನಿದೀನಿ. ನೀವು ಕಂಡಿದ್ದು ಹೇಳಿ ಸಾಕು. ಲಕ್ಷಣ ಏನು?"

ಅಪ್ಪ ತಬ್ಬಿಬ್ಬಾದ. ಅವನಿಗೆ ಗೊತ್ತಿದ್ದ ಲಕ್ಷಣಗಳೆಂದರೆ ಜ್ವರ, ಕೆಮ್ಮು, ವಾಂತಿ, ನೋವು. ಈ ನಾಲ್ಕರಲ್ಲಿ ಒಂದೂ ಇಲ್ಲದೆ ಡಾಕ್ಟರ ಮುಂದೆ ಬಂದು ಕೂತದ್ದೇ ತಪ್ಪಾಯಿತೇನೋ ಅನ್ನಿಸಿ, ಬರಿಗೈಲಿ ಬಂದವನು ಜೇಬು ತಡಕುವ ಹಾಗೆ ತಡಕಿ, ಉಗುರು ಕಚ್ಚುತ್ತಾಳೆ, ಒಮ್ಮೊಮ್ಮೆ ಕಾಲು ನೋವು ಅಂತಾಳೆ, ನಿದ್ದೆಯಲ್ಲಿ ಬೆವರುತ್ತಾಳೆ ಎಂದು ಸಿಕ್ಕಿದ್ದನ್ನೆಲ್ಲ ಮೇಜಿನ ಮೇಲೆ ಸುರಿದ. ಗುಂಡಿಯಾದರೋ ಬೊಂಬೆಯ ಹಾಗೆ ಕೂತಿದ್ದಳು. ಅಜ್ಜಿ ಬೆಳಿಗ್ಗೆಯೇ ಅವಳಿಗೆ ತಿಕ್ಕಿ ತಿಕ್ಕಿ ಸ್ನಾನ ಮಾಡಿಸಿ, ಎರಡು ಜಡೆ ಎಳೆದು ಹೆಣೆದು, ಡಾಕ್ಟರ ಮುಂದೆ ನೆಟ್ಟಗೆ ಕೂರಬೇಕು, ಕೇಳಿದ್ದಕ್ಕೆ ಟಕಟಕ ಹೇಳಬೇಕು ಎಂದು ಪಾಠ ಹೇಳಿಕೊಟ್ಟಿದ್ದರು. ಅವಳು ಏಳರ ಮಗ್ಗಿಯನ್ನು ಮುಂದಿನಿಂದಲೂ ಹಿಂದಿನಿಂದಲೂ ಹೇಳಿದಳು. ಡಾಕ್ಟರಮ್ಮ ಒಂದು ಟಾನಿಕ್ಕು, ಒಂದು ರಕ್ತಪರೀಕ್ಷೆ ಬರೆದು, ಹೊರಡುವಾಗ ಒಂದು ಕೆಲಸ ಹಚ್ಚಿದರು. ಎರಡು ವಾರ ಕಣ್ಣಿಗೆ ಬಿದ್ದದ್ದನ್ನೆಲ್ಲ ಬರೆದಿಡಬೇಕು. "ಯಾಕೆ ಅಂತ ಬರೀಬೇಡಿ. ಏನು ಅಂತ ಬರೀರಿ."

ಇಷ್ಟಕ್ಕೂ ಅವರನ್ನು ಅಲ್ಲಿಗೆ ಓಡಿಸಿದ್ದು ಶಾಲೆ. ಗುಂಡಿ ಪಾಠದ ನಡುವೆ ಎಲ್ಲೋ ಇರುತ್ತಾಳೆ, ಕರೆದರೆ ಓ ಅನ್ನುವುದಿಲ್ಲ, ಉಕ್ತಲೇಖನದಲ್ಲಿ ಅರ್ಧರ್ಧ ವಾಕ್ಯ ಬರೆಯುತ್ತಾಳೆ, ಹೀಗೇ ಆದರೆ ಈ ತಿಂಗಳ ಕೊನೆಗೆ ಅವಳನ್ನು ಕೆಳಗಿನ ತರಗತಿಯಲ್ಲಿ ಕೂರಿಸುತ್ತೇವೆ ಎಂದು ಟೀಚರ್ ಕರೆಸಿ ಹೇಳಿದ್ದರು. ಬೇಕಾದರೆ ಒಮ್ಮೆ ಡಾಕ್ಟರಿಗೆ ತೋರಿಸಿ ಎಂಬುದನ್ನು ಮಾತಿನ ಕೊನೆಗೆ, ಬಾಗಿಲವರೆಗೂ ಬಂದು ಸೇರಿಸಿದ್ದರು. ಮನೆಗೆ ಬಂದ ಗುಂಡಿ ಕೇಳಿದ್ದು ಒಂದೇ: ಕೆಳಗಿನ ತರಗತಿಯ ಬೆಂಚು ಚಿಕ್ಕದಲ್ಲವೇ, ನನ್ನ ಕಾಲು ಎಲ್ಲಿ ಇಡುವುದು?

ಅಪ್ಪ ಹೊಲಿಗೆ ಮಷಿನ್ ರಿಪೇರಿಯವನು. ಬೀದಿಯವರಿಗೆಲ್ಲ ಮಷಿನಣ್ಣ. ಅಂಗಡಿ ಎಂದರೆ ಒಂದು ಬಾಗಿಲಿನ ಉದ್ದನೆಯ ಕೋಣೆ. ಗೋಡೆಗೆ ತೂಗುಹಾಕಿದ ಬೆಲ್ಟುಗಳು, ಡಬ್ಬಿಗಳಲ್ಲಿ ಬಾಬಿನ್ನು, ಸೂಜಿ, ಸ್ಕ್ರೂ, ಎಲ್ಲದರ ಮೇಲೂ ತೆಳ್ಳನೆಯ ಎಣ್ಣೆಯ ಪೊರೆ. ಬಾಗಿಲಲ್ಲಿ ಅವನೇ ಬರೆದ ರಟ್ಟು ನೇತಾಡುತ್ತಿತ್ತು: "ಮಷಿನ್ ಜೊತೆ ಬಟ್ಟೆಯನ್ನೂ ತನ್ನಿ." ಜನರಿಗೆ ಅದೊಂದು ಅರ್ಥವಾಗುತ್ತಿರಲಿಲ್ಲ. ರಿಪೇರಿಗೆ ತರುವ ಮುಂಚೆ ಮಷಿನ್ನನ್ನು ಒರೆಸಿ, ನೂಲಿನ ಕಸ ತೆಗೆದು, ಎಣ್ಣೆ ಬಿಟ್ಟು, ಹೆಣ್ಣು ನೋಡಲು ಬಂದವರ ಮುಂದೆ ಕೂರಿಸುವ ಹಾಗೆ ಸಿಂಗರಿಸಿ ತರುತ್ತಿದ್ದರು. ಕೆಟ್ಟ ಹೊಲಿಗೆಯನ್ನೆಲ್ಲ ಬಿಚ್ಚಿಹಾಕಿರುತ್ತಿದ್ದರು. ಅಂಗಡಿಗೆ ಬಂದ ಮಷಿನ್ ಚೆನ್ನಾಗಿಯೇ ಓಡುತ್ತಿತ್ತು. "ಇಲ್ಲೇನೋ ಓಡತ್ತೆ, ಮನೇಲಿ ಓಡಲ್ಲ" ಎಂದು ಅವರು, "ಹಾಗಾದ್ರೆ ಮನೇನೇ ರಿಪೇರಿಗೆ ತನ್ನಿ" ಎಂದು ಇವನು.

ಅಂಥವನು ಮಗಳ ವಿಷಯದಲ್ಲಿ ಬರೆಯಲು ಕೂತ. ನೂಲಿನ ಪೆಟ್ಟಿಗೆಯ ರಟ್ಟು ಹರಿದು, ದಿನಕ್ಕೊಂದು ಸಾಲು. ಸೋಮವಾರ: ಉಡಾಫೆ. ಮಂಗಳವಾರ: ಕರೆದರೂ ಕೇಳಿಸದ ಹಾಗೆ ನಟನೆ. ಬುಧವಾರ: ಸುಳ್ಳು.

ಬುಧವಾರದ ಸುಳ್ಳು ಹೀಗೆ. ಗುಂಡಿ ನಲ್ಲಿಯ ಕೆಳಗೆ ಲೋಟ ಹಿಡಿದು ನಿಂತಿದ್ದಳು. ಲೋಟ ತುಂಬಿ, ಕೈಮೇಲೆ ಹರಿದು, ತೋಳಿನ ಬಟ್ಟೆ ನೆನೆದು ನೀರು ನೆಲಕ್ಕೆ ಇಳಿಯುತ್ತಿತ್ತು. ಬಾಗಿಲಿಂದ ಅಪ್ಪ ಎರಡು ಸಲ ಕೂಗಿದ. ಅವಳು ನಲ್ಲಿಯನ್ನೇ ನೋಡುತ್ತಿದ್ದಳು. ಹತ್ತಿರ ಬಂದು ಭುಜ ಹಿಡಿದು ಅಲ್ಲಾಡಿಸಿದಾಗ ಬೆಚ್ಚಿ, ಈಗ ತಾನೇ ಹಿಡಿದೆ ಎಂದಳು. ನೆಲದ ಮೇಲೆ ಇಷ್ಟಗಲ ನೀರು! ಬೆಳಗಿನಿಂದ ಮೂರು ಮಷಿನ್ ಬಿಚ್ಚಿ ಸೊಂಟ ಹಿಡಿದುಕೊಂಡಿದ್ದ ಅವನು ಬೆನ್ನಿಗೊಂದು ಬಿಟ್ಟ. ಅವಳು ಅಳಲಿಲ್ಲ. ಯಾಕೆ ಏಟು ಬಿತ್ತು ಎಂದು ಹುಡುಕುವವಳ ಹಾಗೆ ಲೋಟವನ್ನೂ ನೆಲವನ್ನೂ ಅಪ್ಪನನ್ನೂ ಸರದಿಯಲ್ಲಿ ನೋಡಿದಳು. ಆದರೂ ರಟ್ಟಿನ ಮೇಲೆ ಬರೆದದ್ದು ಸುಳ್ಳು ಎಂದೇ.

ಅವನ ಹೆಂಡತಿಗೆ ಬಟ್ಟೆ ಕಾರ್ಖಾನೆಯಲ್ಲಿ ಪಾಳಿಯ ಕೆಲಸ; ಬಂದವಳು ರಟ್ಟನ್ನು ಓದಿ ನಕ್ಕಳು. "ನಿಮ್ಮನ್ನ ಊಟಕ್ಕೆ ನಾಲ್ಕು ಸಲ ಕರೀಬೇಕು. ನಿಮ್ಮದೂ ಒಂದು ರಟ್ಟು ಬರೀಲಾ?" ಅದೂ ನಿಜವೇ ಆಗಿತ್ತು. ಹಾಗಾದರೆ ಯಾವುದು ಲಕ್ಷಣ, ಯಾವುದು ಸ್ವಭಾವ? ಅವನು ಅತ್ತೆಯನ್ನು, ಅಂದರೆ ಗುಂಡಿಯ ಅಜ್ಜಿಯನ್ನು, ಗಮನಿಸಿದ: ಕನ್ನಡಕ ಹಣೆಯ ಮೇಲಿಟ್ಟು ಮನೆಯೆಲ್ಲ ಕನ್ನಡಕ ಹುಡುಕುತ್ತಿದ್ದರು. ತನ್ನನ್ನು ಗಮನಿಸಿದ: ಸ್ಕ್ರೂ ಬಾಯಲ್ಲಿಟ್ಟುಕೊಂಡು ನೆಲದಲ್ಲಿ ಹುಡುಕಿದ. ಒಂದು ವಾರ ಕಳೆಯುವಷ್ಟರಲ್ಲಿ ಮನೆಯಲ್ಲಿ ಕಾಯಿಲೆ ಇಲ್ಲದವರು ಗುಂಡಿ ಒಬ್ಬಳೇ ಅನ್ನಿಸತೊಡಗಿತು.

ಎರಡನೆಯ ಸಲ ಡಾಕ್ಟರಮ್ಮ ರಟ್ಟನ್ನು ಮೇಲಿನಿಂದ ಕೆಳಗಿನವರೆಗೆ ಓದಿದರು. ರಕ್ತದಲ್ಲಿ ದೋಷವಿಲ್ಲ ಎಂದರು. ಆಮೇಲೆ ರಟ್ಟನ್ನು ವಾಪಸು ಕೊಟ್ಟರು. "ಇದು ದೂರು. ಪೊಲೀಸರಿಗೆ ಕೊಡೋದು. ಸುಳ್ಳು ಅಂತ ಬರ್ದಿದೀರಲ್ಲ, ಆಗ ಅವಳು ಏನು ಮಾಡ್ತಿದ್ಲು?"

ಅವನು ಬಾಯಿ ತೆರೆದ. ಹೊರಗೆ ನೂಕುನುಗ್ಗಲು, ಸರದಿಯವರು ಬಾಗಿಲು ತಳ್ಳುತ್ತಿದ್ದರು, ಅತ್ತೆ ಹಿಂದಿನಿಂದ ಅಳಿಯಂದ್ರೇ ಆ ನುಂಗಿದ ಗುಂಡಿ ವಿಷಯ ಹೇಳಿ ಎಂದು ತಿವಿಯುತ್ತಿದ್ದರು. ನಲ್ಲಿಯ ಮಾತು ಹೇಳಿದರೆ ಏಟಿನ ಮಾತೂ ಹೇಳಬೇಕಲ್ಲ ಎಂದು ಅವನ ನಾಲಿಗೆ ಹಿಂದೆ ಸರಿಯಿತು. ಏನೋ ತಡವರಿಸಿ ಎದ್ದು ಬಂದ. ತಿಂಗಳು ಮುಗಿಯಲು ಒಂಬತ್ತು ದಿನ ಉಳಿದಿತ್ತು.

ಮಾರನೆಯ ದಿನ ಮೂಲೆಮನೆಯ ಟೈಲರಕ್ಕ ಮಷಿನ್ ಹೊರಿಸಿಕೊಂಡು ಬಂದಳು. ಹೊಲಿಗೆ ನಡುನಡುವೆ ತಪ್ಪುತ್ತದೆ ಎಂದಳು. ಇವನು ಓಡಿಸಿ ನೋಡಿದ. ಒಂದು ಮೊಳ, ಎರಡು ಮೊಳ, ಹೊಲಿಗೆ ಗೆರೆ ಎಳೆದ ಹಾಗೆ ಬಂತು. ನಾನೇನು ಸುಳ್ಳು ಹೇಳ್ತೀನಾ ಎಂದು ಅವಳು ಜಗಳಕ್ಕೆ ನಿಂತಳು. ಬಾಗಿಲ ರಟ್ಟು ತೋರಿಸಿ ಬಟ್ಟೆ ಎಲ್ಲಿ ಎಂದ. ಕೆಟ್ಟದ್ದನ್ನ ಯಾರಿಗಾದ್ರೂ ತೋರಿಸ್ತಾರಾ ಅಣ್ಣ, ಬಿಚ್ಚಿ ಮತ್ತೆ ಹೊಲಿದೆ ಎಂದಳು. ಆಮೇಲೆ ಬೈದುಕೊಂಡೇ ಮನೆಗೆ ಹೋಗಿ, ಬಿಚ್ಚದೆ ಉಳಿದಿದ್ದ ಒಂದು ದಿಂಬಿನ ಚೀಲ ತಂದಳು.

ಅವನು ಅದನ್ನು ಬೆಳಕಿಗೆ ಹಿಡಿದ. ಹತ್ತು ಹೊಲಿಗೆ ಅಚ್ಚುಕಟ್ಟು. ಆಮೇಲೆ ಬೆರಳಗಲ ಜಾಗದಲ್ಲಿ ನೂಲು ಬಟ್ಟೆಯನ್ನು ಹಿಡಿಯದೆ ಸುಮ್ಮನೆ ಮೇಲೆ ಮಲಗಿದೆ. ಮತ್ತೆ ಅಚ್ಚುಕಟ್ಟು. ನೂಲು ಹರಿದಿಲ್ಲ, ಗೆರೆ ಸೊಟ್ಟಗಾಗಿಲ್ಲ. ಹೊಲಿಯುವವಳಿಗೂ ಗೊತ್ತಾಗದ ಹಾಗೆ ಒಂದು ಕ್ಷಣ ಸೂಜಿ ಮೇಲೆ ಕೆಳಗೆ ಹೋಗಿದೆ, ಕೆಳಗಿನ ಕೊಕ್ಕೆ ನೂಲನ್ನು ಹಿಡಿದಿಲ್ಲ, ಅಷ್ಟೇ. ಇಂಥದ್ದನ್ನು ಎಲ್ಲೋ ಮೊನ್ನೆಯಷ್ಟೇ ನೋಡಿದೆನಲ್ಲ ಎಂದು ಅವನು ತಲೆ ಕೆರೆದುಕೊಂಡ. ಯಾರ ಬಟ್ಟೆ? ಬಟ್ಟೆಯಲ್ಲ. ಕಾಗದ.

ಸಂಜೆ ಗುಂಡಿ ಶಾಲೆಯಿಂದ ನೇರ ಅಂಗಡಿಗೆ ಬಂದಾಗ ಉಕ್ತಲೇಖನದ ಪುಸ್ತಕ ಕೇಳಿದ. ಅವಳು ಅಂದವಾದ ಒಂದು ಪುಸ್ತಕ ಕೊಟ್ಟಳು. ಅಜ್ಜಿ ಕೂರಿಸಿಕೊಂಡು ತಪ್ಪೆಲ್ಲ ತಿದ್ದಿಸಿ ಮತ್ತೆ ಬರೆಸಿದ್ದು. ಇದಲ್ಲ, ಹಳೆಯದು ಎಂದ. ಹರಿದು ಹಾಕಿದೆ ಎಂದಳು. ಇವನು ನೆಲದ ಮೇಲೆ ಅವಳ ಪಕ್ಕ ಕೂತ. ಬೈಯಲ್ಲ ಕಣೇ, ನನಗೆ ತಪ್ಪಿರೋದೇ ಬೇಕು ಎಂದ. ಅವಳು ಬಹಳ ಹೊತ್ತು ಅವನ ಕೈಗಳನ್ನೇ ನೋಡಿ, ಆಮೇಲೆ ಬೆಲ್ಟುಗಳ ಪೆಟ್ಟಿಗೆಯ ಹಿಂದಿನಿಂದ ಒಂದು ಪುಸ್ತಕ ಎಳೆದು ಕೊಟ್ಟು, ಬೆನ್ನನ್ನು ಗೋಡೆಗೆ ಒತ್ತಿಕೊಂಡು ನಿಂತಳು.

ಟೀಚರ್ ಹೇಳಿದ್ದು ಕೆಂಪು ಶಾಯಿಯಲ್ಲಿ ಮೇಲಿತ್ತು: "ಬಾವಿಯ ಹತ್ತಿರ ನಿಂತಿದ್ದ ಮುದುಕ ಕೊಡೆಯನ್ನು ಮಡಚಿ ಗೋಡೆಗೆ ಒರಗಿಸಿ ಒಳಗೆ ಹೋದ." ಗುಂಡಿ ಬರೆದದ್ದು: "ಬಾವಿಯ ಹತ್ತಿರ ನಿಂತಿದ್ದ ಗೋಡೆಗೆ ಒರಗಿಸಿ ಒಳಗೆ ಹೋದ." ಅಕ್ಷರ ಒಂದೂ ಸೊಟ್ಟಗಿಲ್ಲ. 'ನಿಂತಿದ್ದ' ಆದಮೇಲೆ ಮಾತ್ರ ಪೆನ್ನು ಎಳೆದುಕೊಂಡು ಹೋದಂಥ ಸಣ್ಣ ಗೀಟು, ಇಲಿಯ ಬಾಲದಷ್ಟು. ಪುಟ ತಿರುಗಿಸಿದ. ಅಲ್ಲೂ ಎರಡು ಕಡೆ ಹಾರಿದೆ, ಎರಡು ಕಡೆಯೂ ಬಾಲ. ಈ ಪುಟಗಳ ಕೆಳಗೆಲ್ಲ ಅವನದೇ ಸಹಿ ಇತ್ತು. ಪ್ರತಿ ಸಹಿಗೂ ಒಂದೊಂದು ಬೈಗುಳ ಕೊಟ್ಟಿದ್ದ ನೆನಪೂ ಇತ್ತು.

ಮಷಿನ್ ಜೊತೆ ಬರುವ ಕೈಪಿಡಿ ತೆಗೆದು, ಬರಿ ನೋಡೋಣ ಎಂದು ಓದತೊಡಗಿದ. ಸೂಜಿ ಬದಲಿಸುವ ಮೊದಲು ಕಾಲನ್ನು ಪೆಡಲಿನಿಂದ ತೆಗೆಯಬೇಕು. ಅವಳು ಬರೆದಳು. ಮೂರು ಸಾಲು, ನಾಲ್ಕು ಸಾಲು, ಏನೂ ಆಗಲಿಲ್ಲ. ಅವನು ಇನ್ನೇನು ಪುಸ್ತಕ ಮಡಚಬೇಕು, ಐದನೆಯ ಸಾಲಿನಲ್ಲಿ ಪೆನ್ನು ನಿಂತಿತು. ಕಣ್ಣು ತೆರೆದೇ ಇತ್ತು, ರೆಪ್ಪೆ ಪಟಪಟ ಅದುರುತ್ತಿತ್ತು, ಮುಖದಲ್ಲಿ ಮಾತ್ರ ಯಾರೂ ಇರಲಿಲ್ಲ. ಅವನು ಓದುತ್ತಲೇ ಇದ್ದ. ಎಂಟೊಂಬತ್ತು ಎಣಿಸುವಷ್ಟು ಹೊತ್ತು. ಆಮೇಲೆ ಪೆನ್ನು ತಾನಾಗಿ ಹೊರಟಿತು. ಅವಳು ಆ ಕ್ಷಣ ಕಿವಿಗೆ ಬಿದ್ದ ಪದವನ್ನು ಹಿಂದಿನದಕ್ಕೆ ಸೇರಿಸಿ ಬರೆದಳು. ಬರೆದು ಹುಬ್ಬು ಗಂಟಿಕ್ಕಿದಳು.

"ಯಾಕಪ್ಪ ನೀನೂ ಟೀಚರ್ ಥರಾನೇ ಮಧ್ಯ ಮಧ್ಯ ಬಿಟ್ಟು ಹೇಳ್ತೀಯ?"

ಅವನು ಒಂದಕ್ಷರವನ್ನೂ ಬಿಟ್ಟಿರಲಿಲ್ಲ.

ಎಲ್ಲರೂ ಹಾಗೇ ಹೇಳುತ್ತಾರಾ ಎಂದು ಮೆಲ್ಲಗೆ ಕೇಳಿದ. ಹೂಂ ಎಂದಳು, ಇದರಲ್ಲಿ ಕೇಳುವುದೇನಿದೆ ಎಂಬಂತೆ. ಅಜ್ಜಿ ಕಥೆ ಹೇಳುವಾಗಲೂ ಹಾಗೇ. ದೊಡ್ಡವರು ಮಾತಾಡುವುದೇ ಹಾಗೆ ಅಂದುಕೊಂಡಿದ್ದಳಂತೆ. "ನೀನು ಬೈಯೋವಾಗಲೂ ಅಷ್ಟೇ. ಮೊದಲು ಬಾಗಿಲ ಹತ್ತಿರ ಇರ್ತೀಯ. ಆಮೇಲೆ ಇದ್ದಕ್ಕಿದ್ದ ಹಾಗೆ ಪಕ್ಕದಲ್ಲೇ ಇರ್ತೀಯ. ನಡ್ಕೊಂಡೇ ಬರಲ್ಲ."

ಅವನು ತನ್ನ ಬಲಗೈಯನ್ನು ಎಲ್ಲಿ ಇಟ್ಟುಕೊಳ್ಳಬೇಕೆಂದು ತಿಳಿಯದೆ ತೊಡೆಯ ಕೆಳಗೆ ಹಾಕಿಕೊಂಡು ಕೂತ.

ಮೂರನೆಯ ಸಲ ಹೊರಟಾಗ ಅತ್ತೆ ಬಾಚಣಿಗೆ ಹಿಡಿದು ಅಡ್ಡ ಬಂದರು. ಬೇಡ ಅತ್ತೆ, ಹೀಗೇ ಇರಲಿ ಎಂದ. ಶಾಯಿ ಮೆತ್ತಿದ ಬೆರಳು, ಕೆದರಿದ ಜಡೆ, ಹಳೆಯ ಪುಸ್ತಕ ಸಮೇತ ಕರೆದುಕೊಂಡು ಹೋದ; ಅತ್ತೆಯೂ ಹಿಂದೆಯೇ ಹೊರಟರು. ಈ ಸಲ ಕಾಯಿಲೆಯ ಹೆಸರು ಹೇಳಲಿಲ್ಲ. ನಲ್ಲಿ, ಲೋಟ, ನೀರು, ಎರಡು ಸಲ ಕೂಗಿದ್ದು ಹೇಳಿದ. ಬೆನ್ನಿಗೆ ಹೊಡೆದದ್ದನ್ನೂ ಹೇಳಿದ. ಅದು ಲಕ್ಷಣವೋ ಅಲ್ಲವೋ ಅವನಿಗೆ ಗೊತ್ತಾಗಲಿಲ್ಲ, ಬಿಟ್ಟರೆ ಮತ್ತೆ ನಡುವೆ ಒಂದು ಹೊಲಿಗೆ ಹಾರುತ್ತದೆ ಅನ್ನಿಸಿತು.

ಡಾಕ್ಟರಮ್ಮ ಪುಟ ಪುಟವನ್ನೂ ನೋಡಿದರು. ಆಮೇಲೆ ಒಂದು ಕಾಗದದ ಚೂರು ಗುಂಡಿಯ ಮುಂದೆ ಹಿಡಿದು, ನಿಲ್ಲಿಸದೆ ಊದುತ್ತಿರು ಎಂದರು; ಹೀಗೆ ಊದಿದರೆ ಒಮ್ಮೊಮ್ಮೆ ಅದು ಕಣ್ಣೆದುರೇ ಬರುತ್ತದೆ ಎಂದು ಅಪ್ಪನಿಗೆ ಮೆಲ್ಲಗೆ ಹೇಳಿದರು. ಅವಳಿಗೆ ಆಟವಾಯಿತು. ಒಂದು ನಿಮಿಷ, ಇನ್ನೂ ಸ್ವಲ್ಪ. ಕಾಗದ ನಿಂತಿತು. ರೆಪ್ಪೆ ಅದುರಿತು. ಕಾಗದ ಮತ್ತೆ ಹಾರಾಡಿತು.

ಇದು ಮಿದುಳಿಗೆ ಸಂಬಂಧಪಟ್ಟದ್ದಿರಬೇಕು, ಕೆಲವು ಕ್ಷಣ ಅರಿವು ಕಡಿದುಹೋಗುತ್ತದೆ, ತಲೆಗೆ ತಂತಿ ಹಚ್ಚಿ ಒಂದು ಪರೀಕ್ಷೆ ಮಾಡಿ ಖಚಿತ ಮಾಡಿಕೊಳ್ಳೋಣ, ಹೀಗಾಗುವ ಮಕ್ಕಳು ಇದ್ದಾರೆ, ಮಾತ್ರೆಗೆ ಬಹಳಷ್ಟು ಮಕ್ಕಳಲ್ಲಿ ಹತೋಟಿಗೆ ಬರುತ್ತದೆ ಎಂದರು. ಅಲ್ಲಿಯವರೆಗೆ ರಸ್ತೆ ದಾಟುವಾಗ, ನೀರಿಗಿಳಿಯುವಾಗ ಯಾರಾದರೂ ಜೊತೆಗಿರಬೇಕು. ತರಗತಿ ಬದಲಿಸಬಾರದೆಂದು ಶಾಲೆಗೆ ಚೀಟಿ ಬರೆದುಕೊಟ್ಟರು. ಅವನಿಗೆ ಅರ್ಧ ತಿಳಿಯಿತು, ಅರ್ಧ ಇನ್ನಷ್ಟು ಗೋಜಲಾಯಿತು. ನೋವಿಲ್ಲ, ಜ್ವರವಿಲ್ಲ, ಅವಳಿಗೇ ಗೊತ್ತಿಲ್ಲ; ನಮಗೆ ಹೇಗೆ ಗೊತ್ತಾಗಬೇಕಿತ್ತು ಎಂದು ಕೇಳಿದ.

"ನಿಮಗೆ ಮೊದಲಿಂದ್ಲೂ ಕಂಡಿತ್ತು. ಬೇರೆ ಹೆಸರಿಟ್ಟು ಕರೀತಿದ್ರಿ, ಅಷ್ಟೇ."

ಹಾಗಾದರೆ ಆ ಗುಂಡಿ ಎಲ್ಲಿ ಹೋಯಿತು ಎಂದರು ಅಜ್ಜಿ. ಡಾಕ್ಟರಮ್ಮ ಮುಂದಿನವರನ್ನು ಕರೆಯಲು ಗಂಟೆ ಒತ್ತಿದರು. ಅಷ್ಟರಮಟ್ಟಿಗೆ ತಾವು ಗೆದ್ದೆವೆಂಬಂತೆ ಅಜ್ಜಿ ಸೆರಗು ಸರಿಮಾಡಿಕೊಂಡು ಎದ್ದರು.

ಮನೆಗೆ ಬಂದವಳೇ ಗುಂಡಿ ಬಾಯಾರಿಕೆ ಎಂದು ನಲ್ಲಿಯ ಕೆಳಗೆ ಲೋಟ ಹಿಡಿದಳು. ಇವನು ಚಪ್ಪಲಿ ಬಿಡುತ್ತಾ ನೋಡಿದ. ಲೋಟ ತುಂಬಿತು, ನೀರು ಬೆರಳ ಮೇಲೆ ಹರಿಯಿತು, ಅವಳು ಅಲ್ಲಾಡಲಿಲ್ಲ. ಅವನು ಕೂಗಲಿಲ್ಲ. ನಡೆದುಹೋಗಿ ನಲ್ಲಿ ನಿಲ್ಲಿಸಿ, ಲೋಟದ ಅಡಿಗೆ ತನ್ನ ಕೈ ಕೊಟ್ಟು, ಮನಸ್ಸಿನಲ್ಲೇ ಎಣಿಸುತ್ತಾ ನಿಂತ. ಏಳು. ಎಂಟು. ಅವಳ ಕಣ್ಣಿಗೆ ಅವಳು ವಾಪಸು ಬಂದಳು. ಪಕ್ಕದಲ್ಲಿ ಅಪ್ಪ, ಕೈಯೆಲ್ಲ ಒದ್ದೆ. ಅವಳ ಬೆನ್ನು ತಾನಾಗಿ ಗೋಡೆಯ ಕಡೆ ಸರಿಯಿತು.

"ಈಗ ತಾನೇ ಹಿಡಿದೆ" ಎಂದಳು.

"ಹೌದು" ಎಂದ ಅವನು. "ಈಗ ತಾನೇ ಹಿಡಿದೆ. ನಾನು ಬಾಗಿಲಿಂದ ನಡ್ಕೊಂಡು ಬಂದೆ."