ಸೂಜಿ ಹಾರುವ ಜಾಗ

ಅಮ್ಮ ಮದುವೆಯಾದ ಹೊಸದರಲ್ಲಿ ಹಾಡಿದ್ದ ಒಂದೇ ಒಂದು ರೆಕಾರ್ಡು ನಮ್ಮ ಮನೆಯಲ್ಲಿತ್ತು. ಮನೆಗೆ ಬಂದ ವಾರದಲ್ಲೇ ಅದಕ್ಕೆ ಗೀರು ಬಿದ್ದಿತ್ತಂತೆ. ಎರಡನೇ ಚರಣದ ಹತ್ತಿರ ಸೂಜಿ ಹಾರಿ, ಅಮ್ಮ ಹೇಳಿದ್ದನ್ನೇ ಹೇಳತೊಡಗುತ್ತಿದ್ದಳು. ಅಪ್ಪ ಎದ್ದು ಹೋಗಿ ಕಿರುಬೆರಳಿನಿಂದ ಸೂಜಿಯನ್ನು ಮುಂದೆ ತಳ್ಳಬೇಕು. ಅಷ್ಟರಲ್ಲಿ ಒಂದು ಸಾಲು ಹಾರಿಹೋಗುತ್ತಿತ್ತು. ಎಲ್ಲರ ಮನೆಯ ಹಾಡಿನಲ್ಲೂ ನಡುವೆ ಅಪ್ಪ ಎದ್ದು ಬರುತ್ತಾರೆಂದೇ ಚಿಕ್ಕವಳಿದ್ದಾಗ ನಾನು ನಂಬಿದ್ದೆ. ಸರಿಮಾಡಿಸೋಣ ಎಂದು ಅಪ್ಪ ಅಂದರೆ ಅಮ್ಮ, ಇರಲಿ ಬಿಡಿ ಎಂದು ಮಾತು ಮರೆಸುತ್ತಿದ್ದಳು.

ಅಮ್ಮ ಹೋದ ಮೇಲೂ ಅಪ್ಪ ದಿನಾ ಸಂಜೆ ಅದನ್ನು ಹಾಕುತ್ತಿದ್ದರು. ಅವರು ಗಡಿಯಾರ ರಿಪೇರಿ ಮಾಡಿ ಬದುಕಿದವರು. ಸಾಸಿವೆ ಕಾಳಿನಷ್ಟು ಸ್ಕ್ರೂ ಹಿಡಿದ ಕೈಗೆ ಈಗ ನಡುಕ. ಒಂದು ಸಂಜೆ ಸೂಜಿ ಜಾರಿ ಪ್ಲೇಟಿನ ಮೇಲೆ ಕರ್ ಎಂದು ಎಳೆಯಿತು. ಅಪ್ಪ ಗ್ರಾಮಫೋನಿನ ಮುಚ್ಚಳ ಹಾಕಿದವರು ಮತ್ತೆ ತೆಗೆಯಲಿಲ್ಲ. ನಾವು ಹಾಕುತ್ತೇವೆ ಎಂದರೂ ಬೇಡವೆಂದರು. ಮಾತೂ ಕಡಿಮೆಯಾಯಿತು, ಊಟವೂ.

ಹೇಳದೆ ಕೇಳದೆ ರೆಕಾರ್ಡನ್ನು ಸ್ಟುಡಿಯೋಗೆ ಒಯ್ದೆ. ಅಲ್ಲಿನವರು ಸೂಜಿಯ ಮೇಲೆ ಚೂರು ಭಾರ ಇಟ್ಟು, ಹಾರದಂತೆ ಓಡಿಸಿ, ಸಿ.ಡಿ. ಮಾಡಿಕೊಟ್ಟರು. ಅಣ್ಣ ಮೂಗು ಮುರಿದ. ರೆಕಾರ್ಡಿನಲ್ಲಿ ಜೀವ ಇರುತ್ತದಂತೆ, ಇದು ಬರೀ ಪ್ಲಾಸ್ಟಿಕ್ಕಂತೆ, ಅಪ್ಪ ಮೂಸಿಯೂ ನೋಡುವುದಿಲ್ಲವಂತೆ. ರೆಕಾರ್ಡಿನ ಜೀವ ಕೇಳಿಸುವ ಮಹಾರಾಯನಿಗೆ ಎದುರಿಗೆ ಅಪ್ಪ ಒಣಗುತ್ತಿರುವುದು ಕಾಣಿಸಲಿಲ್ಲ. ಆದರೂ ನನಗೆ ಒಳಗೊಳಗೇ ಪುಕಪುಕ. ಇದು ಅವಳ ದನಿಯೇ ಅಲ್ಲ ಎಂದುಬಿಟ್ಟರೆ ಅಲ್ಲಿಗೆ ಮುಗಿಯಿತು.

ಸಂಜೆ ಸಿ.ಡಿ. ಹಾಕಿದೆ. ಅಪ್ಪ ಗೋಡೆ ನೋಡುತ್ತ ಕೂತಿದ್ದರು. ಎರಡನೇ ಚರಣ ಬರುತ್ತಲೇ ಕುರ್ಚಿಯ ಕೈ ಹಿಡಿದು ಎದ್ದರು, ಕಿರುಬೆರಳು ಚಾಚಿಕೊಂಡು ಹಾಡುತ್ತಿದ್ದ ಪೆಟ್ಟಿಗೆಯತ್ತ ಹೊರಟರು. ಹಾಡು ಅವರಿಗಾಗಿ ಕಾಯಲಿಲ್ಲ. ನಾವ್ಯಾರೂ ಕೇಳದಿದ್ದ ಸಾಲನ್ನು ಅಮ್ಮ ಹಾಡಿದಳು. ಮೇಲಿನ ಸ್ವರದಲ್ಲಿ, ಸಂಶಯವೇ ಬೇಡ, ಶ್ರುತಿ ತಪ್ಪಿದಳು.

ಅಪ್ಪ ಬೆರಳು ಚಾಚಿದಂತೆಯೇ ನಿಂತರು. ಆಮೇಲೆ ಅವರ ಭುಜ ಕುಲುಕತೊಡಗಿತು. ಅಳುತ್ತಿದ್ದಾರೆಂದುಕೊಂಡು ಹತ್ತಿರ ಹೋದೆ. ತಿರುಗಿದಾಗ ನೋಡಿದರೆ, ನಗು.

"ಇದಕ್ಕೇ ರಿಪೇರಿ ಬೇಡ ಅಂತಿದ್ಲು ನೋಡು, ಕಳ್ಳಿ."

ಅಣ್ಣ ಅಪ್ಪನ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಟ್ಟ.

ಅಪ್ಪ ಕೂತು ಕೇಳಿದರು, "ಅವಳು ತಪ್ಪಿದ ಜಾಗಕ್ಕೇ ವಾಪಸ್ ಹೋಗೋಕಾಗತ್ತೇನಮ್ಮಾ ಇದರಲ್ಲಿ?"

ರಿಮೋಟು ಕೊಟ್ಟು ಗುಂಡಿ ತೋರಿಸಿದೆ. ನಡುಗುವ ಬೆರಳಿಗೂ ಅದು ಸುಲಭವಾಗಿ ಸಿಕ್ಕಿತು. ಅಮ್ಮ ಮತ್ತೆ ತಪ್ಪಿದಳು. ಅಪ್ಪ ಕೂತೇ ಇದ್ದರು.